ಶಿಮ್ಲಾನೋ, ಮನಾಲಿಯೋ, ಮಸ್ಸೂರಿಯೋ? ಮೊದಲು ಮನೆಯವರ ಮೊಣಕಾಲು ನೋಡಿ

ಏಪ್ರಿಲ್ ಎರಡನೇ ವಾರ ಬಂತೆಂದರೆ ವಿಜಯಪುರದ ಗಾಂಧಿ ಚೌಕದಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನಾಯಿ ಕೂಡ ನೆರಳು ಬಿಟ್ಟು ಬರುವುದಿಲ್ಲ. ಸರಿಯಾಗಿ ಆ ಹೊತ್ತಿಗೇ ಮನೆಯಲ್ಲಿ ಯಾರೋ ಒಬ್ಬರು ಫ್ಯಾನಿನ ಕೆಳಗೆ ಮಲಗಿ ಮೊಬೈಲಿನಲ್ಲಿ ಹಿಮದ ಫೋಟೊ ನೋಡುತ್ತಾ, "ಈ ಸಲ ಎಲ್ಲ್ಯಾರ ಥಂಡಿ ಊರಿಗೆ ಹೋಗೂಣು" ಅನ್ನುತ್ತಾರೆ. ಅಲ್ಲಿಂದ ಜಗಳ ಶುರು. ಮಕ್ಕಳಿಗೆ ಹಿಮ ಬೇಕು, ಅವ್ವನಿಗೆ ಗಂಗೆ ಬೇಕು, ಹೆಂಡತಿಗೆ ಅಡುಗೆ ಇಲ್ಲದ ಹತ್ತು ದಿನ ಬೇಕು.

ನಾನು ಹಿಮಾಲಯದ ಕಡೆ ನಾಲ್ಕು ಸಲ ಹೋಗಿ ಬಂದಿದ್ದೇನೆ. ಒಮ್ಮೆ ಏಜೆಂಟರ ಪ್ಯಾಕೇಜಿನಲ್ಲಿ, ಉಳಿದ ಮೂರು ಸಲ ನಾವೇ ಟಿಕೆಟ್ ಮಾಡಿಸಿಕೊಂಡು. ನಾಲ್ಕರಲ್ಲಿ ಎರಡು ಸಲ ಊರು ಆರಿಸುವುದರಲ್ಲೇ ತಪ್ಪಿದ್ದೆ. ಊರು ಚೆನ್ನಾಗಿಲ್ಲ ಅಂತಲ್ಲ. ನಮ್ಮ ಜೊತೆ ಬಂದವರಿಗೆ ಆ ಊರು ಹೊಂದುವಂತಿರಲಿಲ್ಲ, ಅಷ್ಟೇ.

ಮೊದಲು ದಿನದ ಲೆಕ್ಕ

ಪ್ಯಾಕೇಜಿನ ಕಥೆ ಹೇಳುತ್ತೇನೆ. "ಆರು ರಾತ್ರಿ, ಏಳು ದಿನ" ಅಂತ ಬಣ್ಣದ ಕಾಗದದಲ್ಲಿ ಬರೆದಿತ್ತು. ಆ ಆರು ರಾತ್ರಿಯಲ್ಲಿ ಎರಡು ದೆಹಲಿ–ಮನಾಲಿ ಬಸ್ಸಿನಲ್ಲೇ ಹೋದವು. ಇನ್ನೊಂದು ದೆಹಲಿಯಲ್ಲಿ. "ಮನಾಲಿ ಹೋಟೆಲ್" ಅಂದದ್ದು ಊರಿಂದ ಬಹಳ ಕೆಳಗೆ, ಹೆದ್ದಾರಿ ಪಕ್ಕ ಇತ್ತು. ಸಂಜೆ ಮಾಲ್ ರೋಡಿಗೆ ಹೋಗಬೇಕೆಂದರೂ ಟ್ಯಾಕ್ಸಿ. ಮನೆ ಬಿಟ್ಟು ಮನೆ ಸೇರುವ ತನಕ ಹನ್ನೊಂದು ದಿನ. ಬೆಟ್ಟದಲ್ಲಿ ಇದ್ದದ್ದು ಎರಡೂವರೆ ದಿನ. ತಪ್ಪು ನಮ್ಮದೂ ಹೌದು. ಕಾಗದ ತಿರುವಿ ಹಾಕಿ ರಾತ್ರಿಗಳನ್ನು ಎಣಿಸಲಿಲ್ಲ.

ಹಾಗಾಗಿ ಊರಿನ ಹೆಸರು ಎತ್ತುವ ಮೊದಲು ದಾರಿಯ ದಿನಗಳನ್ನು ಕಳೆಯಿರಿ. ಈ ಲೆಕ್ಕದಲ್ಲಿ ಬೆಳಗಾವಿಯವರು ಅದೃಷ್ಟವಂತರು. ಯಶವಂತಪುರದಿಂದ ಚಂಡೀಗಢಕ್ಕೆ ಹೋಗುವ ಸಂಪರ್ಕ ಕ್ರಾಂತಿ ರೈಲು ಹುಬ್ಬಳ್ಳಿ, ಬೆಳಗಾವಿ, ಪುಣೆ ಮೇಲೆ ಹಾದುಹೋಗುತ್ತದೆ. ಬೆಳಗಾವಿಯಲ್ಲಿ ಹತ್ತಿ ಎರಡು ರಾತ್ರಿ ಕಳೆದರೆ ನೇರ ಚಂಡೀಗಢ. ದೆಹಲಿಯಲ್ಲಿ ಲಗೇಜು ಹೊತ್ತು ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಓಡುವ ಪಾಡಿಲ್ಲ. ಆದರೆ ಇದು ದಿನಾಲೂ ಇಲ್ಲ, ದಿನ ನೋಡಿಕೊಂಡು ರಜೆ ಹಾಕಬೇಕು. ದಿನಾಲೂ ಬೇಕೆಂದರೆ ಗೋವಾ ಎಕ್ಸ್‌ಪ್ರೆಸ್ ಇದೆ, ಅದು ದೆಹಲಿಯ ಹಜರತ್ ನಿಜಾಮುದ್ದೀನ್‌ವರೆಗೆ ಮಾತ್ರ. ವಿಜಯಪುರ, ಬಾಗಲಕೋಟೆಯವರಿಗೆ ಸೊಲ್ಲಾಪುರ ಹತ್ತಿರ. ಅಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದರೆ ನವದೆಹಲಿ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ದೆಹಲಿಗೆ ವಿಮಾನ ಸಿಕ್ಕರೆ ಹೋಗಿ ಬರುವುದರಲ್ಲಿ ಎರಡು ಮೂರು ದಿನ ಉಳಿಯುತ್ತದೆ. ಆ ವೇಳಾಪಟ್ಟಿ ಆಗಾಗ ಬದಲಾಗುತ್ತಿರುತ್ತದೆ, ನೋಡಿಕೊಂಡೇ ರಜೆ ಚೀಟಿ ಬರೆಯಿರಿ.

ದಾರಿಯ ದಿನ ಕಳೆದ ಮೇಲೆ ಕೈಯಲ್ಲಿ ಆರು ದಿನ ಉಳಿಯದಿದ್ದರೆ ಎರಡು ಊರು ಬೇಡ. "ಶಿಮ್ಲಾ-ಮನಾಲಿ" ಅಂತ ಎಲ್ಲರೂ ಒಂದೇ ಉಸಿರಲ್ಲಿ ಹೇಳುತ್ತಾರೆ, ಪಕ್ಕದ ಓಣಿ ಅನ್ನುವ ಹಾಗೆ. ನಡುವೆ ಸುಮಾರು 250 ಕಿಲೋಮೀಟರ್ ಘಾಟ್ ರಸ್ತೆ ಇದೆ. ಒಂದಿಡೀ ದಿನ, ಜೊತೆಗೆ ವಾಂತಿ ಮಾಡುವ ಮಕ್ಕಳಿದ್ದರೆ ಇನ್ನೂ ಜಾಸ್ತಿ.

ನಮಗೆ ಸಿಗುವ ಮೂರು ವಾರ

ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ನಮ್ಮ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರಕ್ಕೇ ರಜೆ ಶುರುವಾಗುತ್ತದೆ. ದೆಹಲಿ, ಉತ್ತರ ಪ್ರದೇಶ, ಪಂಜಾಬಿನ ಮಕ್ಕಳಿಗೆ ರಜೆ ಸಿಗುವುದು ಮೇ ಮಧ್ಯದ ಹೊತ್ತಿಗೆ ಇಲ್ಲವೇ ಅದರ ಆಚೆ. ಅವರು ಬಿಟ್ಟರೆಂದರೆ ಕಾರು ಹತ್ತಿಕೊಂಡು ಒಂದೇ ರಾತ್ರಿಯಲ್ಲಿ ಬೆಟ್ಟ ಏರುತ್ತಾರೆ. ಆಮೇಲೆ ಶಿಮ್ಲಾದಲ್ಲಿ ಪಾರ್ಕಿಂಗ್ ಇಲ್ಲ, ಮನಾಲಿಯಲ್ಲಿ ರಸ್ತೆ ಅಲುಗಾಡುವುದಿಲ್ಲ. ಏಪ್ರಿಲ್ 15ರಿಂದ ಮೇ ಮೊದಲ ವಾರದ ತನಕ ಬೆಟ್ಟ ನಮ್ಮಂಥವರಿಗೆ ಒಂದಿಷ್ಟು ಖಾಲಿ ಇರುತ್ತದೆ. ಅದರಲ್ಲೂ ಸೋಮವಾರದಿಂದ ಗುರುವಾರ. 2018ರ ಮೇ ಕೊನೆಯಲ್ಲಿ ಶಿಮ್ಲಾದಲ್ಲಿ ನೀರಿಗೇ ತತ್ವಾರ ಬಂದು ಊರವರು ಬೀದಿಗಿಳಿದಿದ್ದರು. ಮೇ ತಿಂಗಳ ಕೊನೆ ಅಂದರೆ ನನಗೆ ಆ ಸುದ್ದಿಯೇ ನೆನಪಾಗುತ್ತದೆ.

ಇನ್ನೊಂದು ಅವಕಾಶ ದಸರಾ ರಜೆ. ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ, ದೂರದ ಹಿಮದ ಗುಡ್ಡ ಕಾಣುವುದು ಆಗಲೇ. ಜುಲೈಯಿಂದ ಸೆಪ್ಟೆಂಬರ್ ಮಾತ್ರ ಬೇಡವೇ ಬೇಡ. 2023ರ ಜುಲೈಯಲ್ಲಿ ಬಿಯಾಸ್ ನದಿ ಉಕ್ಕಿ ಕುಲ್ಲು–ಮನಾಲಿ ಹೆದ್ದಾರಿಯನ್ನೇ ತಿಂದುಹಾಕಿದ್ದನ್ನು ಟಿವಿಯಲ್ಲಿ ನೋಡಿರುತ್ತೀರಿ. ಮಳೆಗಾಲದಲ್ಲಿ ಹೋಟೆಲ್ ಅಗ್ಗ ಸಿಗುತ್ತದೆ ಅಂತ ಹೊರಟರೆ ಗುಡ್ಡ ಕುಸಿದ ಜಾಗದಲ್ಲಿ ಬಸ್ಸಿನೊಳಗೇ ರಾತ್ರಿ ಕಳೆಯಬೇಕಾದೀತು.

ಶಿಮ್ಲಾ: ದಾರಿಯೇ ಪ್ರವಾಸ

ಶಿಮ್ಲಾಕ್ಕೆ ಹೋಗುವುದಾದರೆ ಕಾಲ್ಕಾದಿಂದ ಆಟಿಕೆ ರೈಲಿನಲ್ಲೇ ಹೋಗಿ. ಇಲ್ಲವಾದರೆ ಶಿಮ್ಲಾ ಅರ್ಧ ನೋಡಿದಂತೆ. 1903ರಲ್ಲಿ ಶುರುವಾದ ದಾರಿ, 96 ಕಿಲೋಮೀಟರ್, ನೂರಕ್ಕೂ ಹೆಚ್ಚು ಸುರಂಗ, ಎಂಟು ನೂರಕ್ಕೂ ಹೆಚ್ಚು ಸೇತುವೆ. 2008ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಕಾಲ್ಕಾ ಇರುವುದು 656 ಮೀಟರ್ ಎತ್ತರದಲ್ಲಿ, ಅಂದರೆ ನಮ್ಮ ಬೆಳಗಾವಿಗಿಂತ ತಗ್ಗು. ಐದು ಗಂಟೆ ಬುಳುಬುಳು ಅಂತ ಏರಿ ರೈಲು 2,076 ಮೀಟರಿನ ಶಿಮ್ಲಾ ಸ್ಟೇಷನ್ನಿಗೆ ತಂದು ಬಿಡುತ್ತದೆ. ಮೊದಲು ಬಿದಿರು, ಆಮೇಲೆ ಪೈನ್ ಮರ, ಕೊನೆಗೆ ದೇವದಾರು. ಸ್ವೆಟರು ಹಾಕುವ ಹೊತ್ತು ಯಾವುದೆಂದು ಮರ ನೋಡಿಯೇ ಗೊತ್ತಾಗುತ್ತದೆ.

ಬರೋಗ್ ಸ್ಟೇಷನ್ನಿನಲ್ಲಿ ರೈಲು ಸ್ವಲ್ಪ ಹೊತ್ತು ನಿಲ್ಲುತ್ತದೆ. ಅದರ ಪಕ್ಕದ ಸುರಂಗ 1,143 ಮೀಟರ್, ಈ ದಾರಿಯಲ್ಲೇ ಉದ್ದದ್ದು. ಮೊದಲು ಎರಡೂ ಕಡೆಯಿಂದ ಕೊರೆದಾಗ ನಡುವೆ ಒಂದಕ್ಕೊಂದು ಸೇರಲೇ ಇಲ್ಲವಂತೆ. ಸರಕಾರ ಇಂಜಿನಿಯರಿಗೆ ಒಂದು ರೂಪಾಯಿ ದಂಡ ಹಾಕಿತ್ತು ಅಂತ ಅಲ್ಲಿ ಎಲ್ಲರೂ ಕಥೆ ಹೇಳುತ್ತಾರೆ. ಅವ್ವ ಆ ಕಥೆ ಕೇಳಿಸಿಕೊಳ್ಳಲಿಲ್ಲ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಖಡಕ್ ರೊಟ್ಟಿ ಮುರಿದು, ಶೇಂಗಾ ಹಿಂಡಿ ಹಚ್ಚಿ ಎದುರು ಸೀಟಿನ ಪಂಜಾಬಿ ಅಜ್ಜಿಗೆ ಕೊಟ್ಟಳು. ಅಜ್ಜಿ ರೊಟ್ಟಿಯನ್ನು ಹಪ್ಪಳ ಅಂದುಕೊಂಡು, "ಪಾಪಡ್ ಬಹುತ್ ಬಡಿಯಾ" ಅಂದಳು.

ಊರಲ್ಲಿ ಇಳಿದ ಮೇಲೆ ಬೇರೆ ಕಥೆ. ಶಿಮ್ಲಾ ಅಂದರೆ ಮೆಟ್ಟಿಲು. ಮಾಲ್ ರೋಡಿಗೆ ಗಾಡಿ ಬಿಡುವುದಿಲ್ಲ, ಹೋಟೆಲು ಮೇಲೆ ಇದ್ದರೆ ನಡೆದೇ ಏರಬೇಕು. ಕೂಲಿಯವ ನಮ್ಮ ಎರಡು ಸೂಟ್‌ಕೇಸನ್ನು ಹಗ್ಗದಲ್ಲಿ ಬೆನ್ನಿಗೆ ಬಿಗಿದುಕೊಂಡು ಬಾಗಿ, ನಿಲ್ಲದೆ ಏರಿಹೋದ. ಅವನ ಹಿಂದೆ ಅವ್ವ ಹತ್ತು ಮೆಟ್ಟಿಲಿಗೊಮ್ಮೆ ಕಂಬಿ ಹಿಡಿದು ನಿಂತು, "ಯಪ್ಪಾ, ಇದು ಊರೋ ನಿಚ್ಚಣಿಕಿಯೋ?" ಅಂದಳು. ಮರುದಿನ ಕಾರ್ಟ್ ರೋಡಿನಿಂದ ಮಾಲ್‌ಗೆ ಲಿಫ್ಟ್ ಇದೆ ಅಂತ ಗೊತ್ತಾಯಿತು. ಸಂಜೆ ಅದಕ್ಕೂ ಉದ್ದನೆಯ ಸಾಲು. ಹಿರಿಯರು ಜೊತೆಗಿದ್ದರೆ ಹೋಟೆಲಿನವರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ಗಾಡಿ ನಿಲ್ಲುವ ಜಾಗದಿಂದ ನಿಮ್ಮ ಬಾಗಿಲಿಗೆ ಎಷ್ಟು ಮೆಟ್ಟಿಲು? "ಹತ್ತಿರವೇ" ಅಂದರೆ ಒಪ್ಪಬೇಡಿ. ಸಂಖ್ಯೆ ಹೇಳಿಸಿ.

ಶಿಮ್ಲಾ ಹತ್ತಿರದ ಕುಫ್ರಿ ಬಿಟ್ಟರೆ ನಷ್ಟವೇನಿಲ್ಲ. ಕುದುರೆ ಲದ್ದಿಯ ಕೆಸರು, ಅದರ ಮೇಲೆ ಕುದುರೆಯವರ ಚೌಕಾಶಿ. ಆ ಅರ್ಧ ದಿನವನ್ನು ವೈಸ್‌ರಾಯ್ ಇದ್ದ ಬಂಗಲೆಗೆ ಕೊಡಿ. 1888ರಲ್ಲಿ ಮುಗಿದ ಕಟ್ಟಡ, ಈಗ ಉನ್ನತ ಅಧ್ಯಯನ ಸಂಸ್ಥೆ. ದೇಶ ಹೋಳಾಗುವ ಮೊದಲಿನ ಮಾತುಕತೆ 1945ರಲ್ಲಿ ನಡೆದದ್ದು ಅಲ್ಲೇ. ಮುಂದಿನ ಹುಲ್ಲುಹಾಸಿನಲ್ಲಿ ಸುಮ್ನೆ ಕೂತರೂ ಸಾಕು. ಜಾಖೂ ಹನುಮಪ್ಪನ ಗುಡಿಗೆ ರೋಪ್‌ವೇ ಇದೆ, 108 ಅಡಿಯ ಮೂರ್ತಿ ಊರಿನ ಎಲ್ಲ ಕಡೆಯಿಂದಲೂ ಕಾಣುತ್ತದೆ. ಅಲ್ಲಿ ಕನ್ನಡಕ ಜೇಬಿಗೆ ಹಾಕಿಕೊಳ್ಳಿ. ಮಂಗಗಳು ಕನ್ನಡಕ ಕಿತ್ತುಕೊಂಡು, ತಿನ್ನಲು ಏನಾದರೂ ಕೊಟ್ಟ ಮೇಲೆಯೇ ವಾಪಸು ಕೊಡುತ್ತವೆ. ಹನುಮಪ್ಪನ ಊರಲ್ಲಿ ಅವುಗಳಿಗೆ ಹೇಳುವವರು ಯಾರು?

ಮನಾಲಿ: ಹಿಮ ಬೇಕೇ ಬೇಕು ಅನ್ನುವವರಿಗೆ

ಮಕ್ಕಳಿಗೆ ಹಿಮ ಮುಟ್ಟಿಸಬೇಕೆಂದರೆ ಮನಾಲಿಯೇ ಸರಿ. ಶಿಮ್ಲಾದಲ್ಲಿ ಏಪ್ರಿಲ್ ಹೊತ್ತಿಗೆ ಹಿಮ ಇರುವುದಿಲ್ಲ, ಮಸ್ಸೂರಿ, ನೈನಿತಾಲ್ ಕೇಳಲೇಬೇಡಿ. ಮನಾಲಿಯ ಊರೊಳಗೂ ಇರುವುದಿಲ್ಲ. ಆದರೆ ಒಂದೆರಡು ಗಂಟೆ ಮೇಲೆ ಹೋದರೆ ಸಿಗುತ್ತದೆ.

2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಇಲ್ಲಿಯ ಲೆಕ್ಕವೇ ಬದಲಾಗಿದೆ. ಒಂಬತ್ತು ಕಿಲೋಮೀಟರ್ ಸುರಂಗ. ಈಚೆ ಬಾಯಲ್ಲಿ ದೇವದಾರು, ಸೇಬಿನ ತೋಟ, ಹಸಿರು. ಹತ್ತು ಹನ್ನೆರಡು ನಿಮಿಷ ಹಳದಿ ದೀಪದಲ್ಲಿ ಸಾಗಿ ಆಚೆ ಬಂದರೆ ಬೇರೆ ಲೋಕ: ಬೋಳು ಕಂದು ಗುಡ್ಡ, ತುದಿಯಲ್ಲಿ ಬಿಳಿ, ಕೆಳಗೆ ಚಂದ್ರಾ ನದಿ. ಏಪ್ರಿಲ್‌ನಲ್ಲಿ ಸಿಸ್ಸು, ಕೋಕ್ಸರ್ ಕಡೆ ಹಿಮ ಇನ್ನೂ ಉಳಿದಿರುತ್ತದೆ. ರೋಹತಾಂಗ್ ಕಣಿವೆ 3,978 ಮೀಟರ್ ಎತ್ತರ. ಪ್ರವಾಸಿಗರಿಗೆ ತೆರೆಯುವುದು ಸಾಮಾನ್ಯವಾಗಿ ಮೇ ತಿಂಗಳಲ್ಲಿ, ಪರ್ಮಿಟ್ ಬೇಕು, ಮಂಗಳವಾರ ಬಂದ್. ಬಿ.ಪಿ., ಉಸಿರಿನ ತೊಂದರೆ ಇರುವವರನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡಿ. ನಾವು ಇರುವುದು ಆರೇಳು ನೂರು ಮೀಟರಿನಲ್ಲಿ. ಮೈಗೆ ಅಷ್ಟು ಎತ್ತರ ಒಂದೇ ದಿನದಲ್ಲಿ ಒಗ್ಗುವುದಿಲ್ಲ.

ಹಿಮದ ಬಟ್ಟೆಯ ಬಗ್ಗೆ ಒಂದು ಮಾತು. ಮೇಲೆ ಹೋಗುವ ರಸ್ತೆಯುದ್ದಕ್ಕೂ ಕೋಟು, ಬೂಟು ಬಾಡಿಗೆ ಕೊಡುವ ಅಂಗಡಿಗಳು, ಪ್ರತಿಯೊಂದಕ್ಕೂ ನಂಬರು. ಡ್ರೈವರ್ ಒಂದು ನಂಬರಿನ ಮುಂದೆ ತಂದು ನಿಲ್ಲಿಸುತ್ತಾನೆ. ಯಾಕೆ ಅಲ್ಲೇ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ನಮಗೆ ಸಿಕ್ಕ ಕೋಟು ಹಿಂದಿನ ದಿನದ ತೇವ ಆರದೆ ಹಸಿ ಕೌದಿಯಂತೆ ನಾರುತ್ತಿತ್ತು. ಮಗನ ಬೂಟು ಎಡದ್ದೊಂದು ಅಳತೆ, ಬಲದ್ದೊಂದು ಅಳತೆ. ಹಾಕಿ ನೋಡಿ, ಚೌಕಾಶಿ ಮಾಡಿ, ಆಮೇಲೆ ದುಡ್ಡು ಕೊಡಿ. ಕಾಲುಚೀಲ ಮಾತ್ರ ಮನೆಯಿಂದ ಎರಡು ಜೊತೆ ಜಾಸ್ತಿ ಒಯ್ಯಿರಿ.

ಮೊಣಕಾಲಿನ ವಿಷಯದಲ್ಲಿ ಮನಾಲಿ ಶಿಮ್ಲಾಗಿಂತ ಮೇಲು. ಮಾಲ್ ರೋಡ್ ಹೆಚ್ಚುಕಡಿಮೆ ಸಮತಟ್ಟು. 1553ರ ಹಿಡಿಂಬಾ ಗುಡಿಯ ಹತ್ತಿರದ ತನಕ ಗಾಡಿ ಹೋಗುತ್ತದೆ. ದೇವದಾರು ಮರಗಳ ನಡುವೆ ಮರದ ಗುಡಿ, ನೋಡಲೇಬೇಕು. ಭೀಮನ ಹೆಂಡತಿ ಅಲ್ಲಿ ಪೂಜೆ ಮಾಡಿಸಿಕೊಳ್ಳುವ ದೇವಿ. ವಶಿಷ್ಠ ಅನ್ನುವ ಹಳ್ಳಿಯ ಗುಡಿಯಲ್ಲಿ ಬಿಸಿನೀರಿನ ಬುಗ್ಗೆ, ಹೆಂಗಸರಿಗೆ ಬೇರೆ ಸ್ನಾನದ ಕೊಳ. ಮೊಣಕಾಲು ನೋವಿನವರು ಅಲ್ಲಿಂದ ಎದ್ದು ಬರುವುದಿಲ್ಲ. ದಾರಿ ಮಾತ್ರ ದೂರ: ಚಂಡೀಗಢದಿಂದ ಸುಮಾರು 300 ಕಿಲೋಮೀಟರ್. ರಸ್ತೆ ಹಿಂದಿಗಿಂತ ಅಗಲವಾಗಿದೆ, ಸುರಂಗಗಳೂ ಆಗಿವೆ, ಆದರೂ ಒಂದು ದಿನ ಅದಕ್ಕೇ ಬರೆದಿಡಿ.

ದಸರಾ ರಜೆಯಲ್ಲಿ ಹೋಗುವವರಿಗೆ ಇಲ್ಲಿ ಇನ್ನೊಂದು ಲಾಭ. ನಮ್ಮಲ್ಲಿ ಬನ್ನಿ ಕೊಟ್ಟು ಹಬ್ಬ ಮುಗಿಸುವ ದಿನ ಕುಲ್ಲುವಿನಲ್ಲಿ ದಸರಾ ಶುರುವಾಗುತ್ತದೆ. ಏಳು ದಿನ. ಸುತ್ತಲಿನ ಹಳ್ಳಿಗಳಿಂದ ನೂರಾರು ದೇವರನ್ನು ಪಲ್ಲಕ್ಕಿಯಲ್ಲಿ ಹೊತ್ತು ತರುತ್ತಾರೆ. ಜಾತ್ರೆ ನೋಡಿ ಬೆಳೆದ ನಮ್ಮ ಕಡೆಯವರಿಗೆ ಹಿಮಕ್ಕಿಂತ ಇದೇ ಜಾಸ್ತಿ ಹಿಡಿಸಬಹುದು.

ಮಸ್ಸೂರಿ: ಅವ್ವನಿಗೆ ಗಂಗೆ ಬೇಕಿದ್ದರೆ

ಬರೀ ಮಸ್ಸೂರಿಗೆಂದು ಅಷ್ಟು ದೂರ ಹೋಗಿ ಅಂತ ನಾನು ಹೇಳುವುದಿಲ್ಲ. ಕೆಂಪ್ಟಿ ಜಲಪಾತದಲ್ಲಿ ನೀರಿಗಿಂತ ಅಂಗಡಿ ಜಾಸ್ತಿ. ಗೋಕಾಕ ಫಾಲ್ಸ್ ಮಳೆಗಾಲದಲ್ಲಿ ನೋಡಿದವರಿಗೆ ಅದು ನಲ್ಲಿ ಬಿಟ್ಟ ಹಾಗೆ. ಆದರೆ ಹರಿದ್ವಾರದ ಜೊತೆ ಸೇರಿಸಿದರೆ ಮಸ್ಸೂರಿಯಷ್ಟು ಸಲೀಸಾದ ಪ್ರವಾಸ ಇನ್ನೊಂದಿಲ್ಲ. ದೆಹಲಿಯಿಂದ ಹರಿದ್ವಾರಕ್ಕೆ ರೈಲು. ಎರಡು ದಿನ ಅಲ್ಲಿ: ಬೆಳಗ್ಗೆ ಸ್ನಾನ, ಸಂಜೆ ಹರ್ ಕೀ ಪೌಡಿಯ ಆರತಿ, ನಡುವೆ ಹೃಷಿಕೇಶ. ಆಮೇಲೆ ಡೆಹ್ರಾಡೂನ್ ಮೇಲೆ ಮಸ್ಸೂರಿ. ಡೆಹ್ರಾಡೂನಿಂದ ಘಾಟ್ ಬರೀ 35 ಕಿಲೋಮೀಟರ್, ವಾಂತಿ ಶುರುವಾಗುವ ಹೊತ್ತಿಗೆ ಊರು ಬಂದಿರುತ್ತದೆ. ಬೆಟ್ಟದ ಮೇಲೆ ಲಂಡೋರ್ ಕಡೆ ನಡೆಯಿರಿ, ಅದು ಹಳೆಯ ಕಂಟೋನ್ಮೆಂಟ್. ಬೆಳಗಾವಿ ಕ್ಯಾಂಪಿನಲ್ಲಿ ಬೆಳೆದ ನಮ್ಮ ಅಕ್ಕ ಅಲ್ಲಿ ಇಳಿದ ಕೂಡಲೇ, "ಇದು ನಮ್ಮ ಕ್ಯಾಂಪೇ, ಸ್ವಲ್ಪ ಎತ್ತಿ ಇಟ್ಟಾರ" ಅಂದಳು.

ಇಲ್ಲಿ ದಿನ ನೋಡುವುದು ಮುಖ್ಯ. ನಾವು ಬಸವ ಜಯಂತಿ ಮಾಡುವ ಅಕ್ಷಯ ತೃತೀಯದ ದಿನವೇ ಗಂಗೋತ್ರಿ, ಯಮುನೋತ್ರಿ ಗುಡಿಗಳ ಬಾಗಿಲು ತೆರೆಯುತ್ತವೆ. ಅಲ್ಲಿಂದ ಚಾರ್‌ಧಾಮ್ ಯಾತ್ರೆಯ ಜನ ಹರಿದ್ವಾರ, ಹೃಷಿಕೇಶ ತುಂಬಿಬಿಡುತ್ತಾರೆ. ಬಸವನ ಬಾಗೇವಾಡಿಯಲ್ಲಿ ತೊಟ್ಟಿಲು ತೂಗುವುದರೊಳಗೆ ನೀವು ಗಂಗಾಸ್ನಾನ ಮುಗಿಸಿ ಬಂದಿದ್ದರೆ ಒಳ್ಳೆಯದು.

ಉಳಿದ ಎರಡು

ನೈನಿತಾಲ್ ಚಿಕ್ಕ ಊರು. ಕೆರೆ, ದೋಣಿ, ನೈನಾದೇವಿ ಗುಡಿ. ಕಾಠಗೋದಾಮ್ ತನಕ ರೈಲು, ಆಮೇಲೆ 34 ಕಿಲೋಮೀಟರ್. ಎರಡು ರಾತ್ರಿಗೆ ಸರಿ, ಮೂರನೆಯ ದಿನ ಮಕ್ಕಳು ಮೊಬೈಲ್ ಹಿಡಿಯುತ್ತಾರೆ. ಮುಂದೆ ಕೌಸಾನಿಗೆ ಹೋಗಿ ತ್ರಿಶೂಲ, ನಂದಾದೇವಿ ಸಾಲು ನೋಡುವುದಾದರೆ ಮಾತ್ರ ನಮ್ಮ ಕಡೆಯಿಂದ ಹೋಗುವುದಕ್ಕೆ ಅರ್ಥವಿದೆ.

ಡಾರ್ಜಿಲಿಂಗ್ ನನ್ನ ಸ್ವಂತ ಇಷ್ಟ, ಆದರೆ ರೈಲಿನಲ್ಲಿ ಹೋಗುವವರಿಗೆ ಹೇಳಲಾರೆ. ಬೆಂಗಳೂರು ಇಲ್ಲವೇ ಹೈದರಾಬಾದಿನಿಂದ ಬಾಗ್‌ಡೋಗ್ರಾಕ್ಕೆ ವಿಮಾನ ಹಿಡಿಯುವ ಶಕ್ತಿ ಇದ್ದರೆ ಹೋಗಿ. ಇಲ್ಲಿಯ ಆಟಿಕೆ ರೈಲು ಶಿಮ್ಲಾದ್ದಕ್ಕಿಂತ ಹಳೆಯದು, 1881ರದ್ದು. ಅಂಗಡಿಗಳ ಬಾಗಿಲಿಗೆ ಮೈ ಉಜ್ಜಿಕೊಂಡೇ ಹೋಗುತ್ತದೆ. ಪೂರ್ತಿ ದಾರಿ ಕೂರಬೇಡಿ, ಇಡೀ ದಿನ ಹೋಗುತ್ತದೆ. ಊರಿಂದ ಘೂಮ್ ತನಕ ಹೋಗಿ ಬರುವ ಸಣ್ಣ ಸವಾರಿ ಸಾಕು. 8,586 ಮೀಟರಿನ ಕಾಂಚನಜುಂಗಾ ನೋಡಬೇಕೆಂದರೆ ದಸರಾ ಆದ ಮೇಲೆ ಬನ್ನಿ. ಏಪ್ರಿಲ್, ಮೇನಲ್ಲಿ ನಸುಕಿನ ನಾಲ್ಕಕ್ಕೆ ಎದ್ದು ಟೈಗರ್ ಹಿಲ್ಲಿಗೆ ಹೋದರೆ ಬಹಳ ಸಲ ಕಾಣುವುದು ಮಂಜು, ಮತ್ತು ನಿಮ್ಮ ಹಾಗೆಯೇ ನಡುಗುತ್ತಾ ನಿಂತ ಜನ.

ಕಾಶ್ಮೀರವನ್ನು ಈ ಹೋಲಿಕೆಯಲ್ಲಿ ಸೇರಿಸಿಲ್ಲ. ಅದರ ಲೆಕ್ಕವೇ ಬೇರೆ; ಅಲ್ಲಿ ನಮ್ಮ ಪ್ರೀಪೇಯ್ಡ್ ಸಿಮ್ ಕೂಡ ನಡೆಯುವುದಿಲ್ಲ.

ದುಡ್ಡು ಎಲ್ಲಿ ಹೋಗುತ್ತದೆ

ಎಲ್ಲರೂ ಹೋಟೆಲಿಗೆ ಚೌಕಾಶಿ ಮಾಡುತ್ತಾರೆ. ನಿಜವಾಗಿ ಕೈ ಕಚ್ಚುವುದು ಟ್ಯಾಕ್ಸಿ. ಬೆಟ್ಟದ ಊರುಗಳಲ್ಲಿ ಮೀಟರ್ ಇಲ್ಲ, ಯೂನಿಯನ್ ದರ. "ಏಳು ಪಾಯಿಂಟ್ ತೋರಿಸುತ್ತೇವೆ" ಅಂದರೆ ಅದರಲ್ಲಿ ನಾಲ್ಕು ಪಾಯಿಂಟ್ ಬರೀ ರಸ್ತೆ ತಿರುವು. ನಿಮಗೆ ಬೇಕಾದ ಎರಡು ಮೂರು ಜಾಗ ಹೇಳಿ ಅದಕ್ಕಷ್ಟೇ ದರ ಕೇಳಿ. ಹಿಮಾಚಲದ ಸರಕಾರಿ ಬಸ್ಸು ನಮ್ಮ ಕೆಂಪು ಬಸ್ಸಿನ ಹಾಗೆಯೇ, ಹಳ್ಳಿ ಹಳ್ಳಿಗೆ ಹೋಗುತ್ತದೆ. ಇಬ್ಬರೇ ಇದ್ದರೆ ಅದರಲ್ಲೇ ಅಡ್ಡಾಡಿ.

ಊಟಕ್ಕೆ ಹೆದರಬೇಕಾಗಿಲ್ಲ. "ವೈಷ್ಣೋ ಢಾಬಾ" ಅಂತ ಬೋರ್ಡಿದ್ದರೆ ಶುದ್ಧ ಸಸ್ಯಾಹಾರಿ. ರಾಜ್ಮಾ, ಅನ್ನ, ಒಳ್ಳೆಯ ಮೊಸರು ಎಲ್ಲ ಕಡೆ ಸಿಗುತ್ತದೆ. ಹಿಮಾಚಲದಲ್ಲಿ ಸಿಡ್ಡು ತಿನ್ನಿ: ಗೋಧಿ ಹಿಟ್ಟು ಹುದುಗಿಸಿ, ಒಳಗೆ ಹೂರಣ ತುಂಬಿ, ಹಬೆಯಲ್ಲಿ ಬೇಯಿಸಿ, ಮೇಲೆ ತುಪ್ಪ. ನಮ್ಮ ಕಡುಬಿನ ದೂರದ ಬಂಧು. ಆದರೂ ಮೂರನೆಯ ದಿನ ನಾಲಿಗೆ ಖಾರ ಕೇಳುತ್ತದೆ. ಎರಡು ಡಬ್ಬಿ ಹಿಂಡಿ, ಒಂದು ಕಟ್ಟು ಖಡಕ್ ರೊಟ್ಟಿ ಒಯ್ದರೆ ಹತ್ತು ದಿನ ಕೆಡುವುದಿಲ್ಲ. ಒಡೆಯುತ್ತದೆ, ಅಷ್ಟೇ.

ನಮ್ಮ ಮನೆಯ ಮುಂದಿನ ಸಲದ ತೀರ್ಮಾನ ಹೀಗಾಗಿದೆ. ಮಕ್ಕಳನ್ನು ಕರೆದುಕೊಂಡು ನಾವಿಬ್ಬರು ದಸರಾದಲ್ಲಿ ಮನಾಲಿ, ಸುರಂಗ ದಾಟಿ ಆಚೆ ಒಂದು ರಾತ್ರಿ. ಅವ್ವನನ್ನು ಏಪ್ರಿಲ್‌ನಲ್ಲಿ ಹರಿದ್ವಾರ, ಮಸ್ಸೂರಿಗೆ. ರೈಲು ಬುಕಿಂಗ್ ಈಗ 120 ದಿನ ಮೊದಲಲ್ಲ, 60 ದಿನ ಮೊದಲು ತೆರೆಯುತ್ತದೆ. ಏಪ್ರಿಲ್ 14ಕ್ಕೆ ಹತ್ತಬೇಕೆಂದರೆ ಫೆಬ್ರವರಿ 13ರ ಬೆಳಗ್ಗೆ ಎಂಟಕ್ಕೆ ಕೂತಿರಬೇಕು. ಕೆಳಗಿನ ಬರ್ತ್ ಸಿಗದಿದ್ದರೆ ತಾನು ಬರುವುದಿಲ್ಲ ಅಂತ ಅವ್ವ ಈಗಲೇ ಹೇಳಿಟ್ಟಿದ್ದಾಳೆ.